ಮಸಿ ಹಿಡಿದ ಕೆಟಲ್

ಇಂಚರಾ, ಪ್ರಣವಾ, ನಿಮ್ಮಮ್ಮ ಪಾತ್ರೆ ತೊಳೆಯಲು ನಿಂತಾಗಲೆಲ್ಲ ನೀವು "ಅಮ್ಮಾ, ಡೋಂಟ್ ವಾಷ್ ದ ಮ್ಯೂಸಿಯಂ" ಎಂದು ನಗುತ್ತೀರಲ್ಲ, ಆಗ ನಾನು ಎದ್ದು ರೂಮಿಗೆ ಹೋಗಿಬಿಡುತ್ತೇನೆ. ನಿಮ್ಮಜ್ಜಿ ಯಾಕೆ ಹಾಗೆ ಮಾಡುತ್ತಾಳೆ ಅಂತ ಇವತ್ತು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳುವ ಧೈರ್ಯ ಆರು ವರ್ಷವಾದರೂ ಬಂದಿಲ್ಲ.

ಅದು 2013, ನಿಮ್ಮ ತಾತ ತೀರಿಕೊಂಡ ಮರುವರ್ಷ. ಆಗ ನಾವು ಪರ್ತ್‌ನ ಈ ಥಾರ್ನ್ಲಿಗೆ ಬಂದಿರಲಿಲ್ಲ, ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿದ್ದೆವು. ಮೈಸೂರಿನ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದ ನಿಮ್ಮಮ್ಮನಿಗೆ ಎಲ್ಲಿ ಹೋದರೂ "ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ?" ಅಂತಲೇ ಕೇಳುತ್ತಿದ್ದರು. ಅದಕ್ಕೆ ಅವಳು ಗುಡ್ಡದ ಮೇಲೆ ಮ್ಯೂಸಿಯಂ ಮಾಡಿಟ್ಟಿದ್ದ ಒಂದು ಹಳೆಯ ಕಲ್ಲಿನ ಮನೆಯಲ್ಲಿ, ನೋಡಲು ಬಂದವರಿಗೆ ಮನೆ ತೋರಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದಳು. ಅಲ್ಲೇ ಸಂಬಳದ ಹುದ್ದೆಯೊಂದು ಖಾಲಿಯಾಗುವುದಿತ್ತು. ಮನೆ ನೋಡಿಕೊಳ್ಳುತ್ತಿದ್ದ ಹೆಲೆನ್ ಎಂಬ ವಯಸ್ಸಾದ ಹೆಂಗಸು, "ಅದು ನಿನಗೇ" ಎಂದಿದ್ದರು.

ಮನೆ ಕಟ್ಟಿಸಿದ್ದು ಹೆಲೆನ್ ಅವರ ಮುತ್ತಜ್ಜ, ಅಮೆರಿಕದವನು. ಅವನ ಕತೆಯನ್ನು ನಿಮ್ಮಮ್ಮ ನನ್ನ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಚಿಕ್ಕ ವಯಸ್ಸಿಗೇ ತಿಮಿಂಗಿಲ ಹಿಡಿಯುವ ಹಡಗು ಹತ್ತಿದನಂತೆ. ಆಸ್ಟ್ರೇಲಿಯಾಕ್ಕೆ ಬಂದು ಚಿನ್ನ ಅಗೆದನಂತೆ. ಆಮೇಲೆ ಗೆಳೆಯನ ಜೊತೆ ಒಂಟೆ ಕಟ್ಟಿಕೊಂಡು ಮರುಭೂಮಿಗೆ ಹೋಗಿ ದಾರಿ ತಪ್ಪಿದನಂತೆ. ತಾಮ್ರದ ಕೆಟಲ್‌ನಲ್ಲಿ ಕೆಸರು ನೀರು ಕಾಯಿಸಿ ಕುಡಿಯುತ್ತಾ, ಅದರ ಮಸಿಯ ಮೇಲೆ ಚಾಕುವಿನ ಮೊನೆಯಿಂದ ದಿನಕ್ಕೊಂದು ಗೆರೆ ಎಳೆದಿದ್ದನಂತೆ. ಹನ್ನೊಂದು ಗೆರೆ. ಗೆಳೆಯ ಸತ್ತ ದಿನದ್ದು ಮಾತ್ರ ಅಡ್ಡಗೆರೆ. ಬದುಕಿ ಬಂದ ಮೇಲೆ ಆ ಕೆಟಲ್ ತೊಳೆಯಲು ಯಾರಿಗೂ ಬಿಡಲಿಲ್ಲವಂತೆ. "ಕೇಳಿಸ್ಕೊಂಡ್ಯೇನಮ್ಮಾ?" ಎಂದರೆ ನಾನು ಹುರುಳಿಕಾಯಿ ನಾರು ತೆಗೆಯುತ್ತಾ "ಹೂಂ" ಎನ್ನುತ್ತಿದ್ದೆ. ಅಂಥ ವಸ್ತು ಗಾಜಿನ ಪೆಟ್ಟಿಗೆಯಲ್ಲೇ ಇರುತ್ತದೆ ಅಂದುಕೊಂಡಿದ್ದೆ.

ಒಂದು ಭಾನುವಾರ ಅಲ್ಲಿ ತುಂಬಾ ಜನ ಬರುವುದಿತ್ತು. ಮನೆಯಲ್ಲಿದ್ದರೆ ಮಂಕಾಗಿ ಕೂರುತ್ತೇನೆಂದು ನಿಮ್ಮಮ್ಮ ಯಾರನ್ನೂ ಕೇಳದೆ ನನ್ನನ್ನೂ ಕರೆದುಕೊಂಡು ಹೋದಳು. ನೀವು ಅಪ್ಪನ ಜೊತೆ ಉಳಿದಿರಿ. ಹಿಂದಿನ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ, "ಈ ಟೀ ಕಪ್ ತೊಳೀತಿರಮ್ಮ, ಬಂದ್ಬಿಡ್ತೀನಿ" ಎಂದು ಹೋದಳು.

ಕಪ್‌ಗಳ ಪಕ್ಕದಲ್ಲೇ ಒಂದು ಕರೀ ಕೆಟಲ್ ಇತ್ತು. ಶೆಲ್ಫಿನ ಧೂಳು ಒರೆಸಲು ಯಾರೋ ಅದನ್ನು ಕೆಳಗಿಳಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಇಷ್ಟು ದೊಡ್ಡ ಮನೆಯಲ್ಲಿ ಇದೆಂಥ ಕೊಳೆ ಪಾತ್ರೆ ಅನ್ನಿಸಿತು ನನಗೆ. ಮೈಮೇಲೆ ಗೀರುಗಳು ಕಂಡವು. ಯಾರೋ ಕೈಲಾಗದವರು ಕೆರೆದು ಬಿಟ್ಟಿದ್ದಾರೆ ಅಂದುಕೊಂಡೆ. ಹಿತ್ತಲಲ್ಲಿ ನಿಂಬೆಗಿಡ ಹಣ್ಣು ಬಿಟ್ಟು ಬಾಗಿತ್ತು. ಎರಡು ಕಿತ್ತು ತಂದು, ಉಪ್ಪು ಹಾಕಿ, ಹಬ್ಬದ ಹಿಂದಿನ ದಿನ ಊರಿನಲ್ಲಿ ಉಜ್ಜುವ ಹಾಗೆ ಉಜ್ಜಿದೆ. ಮುಖ ಕಾಣುವಷ್ಟು ಹೊಳೆಯಿತು. ಇಂಗ್ಲಿಷ್ ಬರದಿದ್ದರೇನು, ಇವಳ ತಾಯಿ ಎಂಥವಳು ಅಂತ ನೋಡಲಿ ಎಂದು ಮೇಜಿನ ನಡುವೆ ಇಟ್ಟೆ.

ಮೊದಲು ಒಳಗೆ ಬಂದವರು ಹೆಲೆನ್. ಹಿಂದೆಯೇ ನಿಮ್ಮಮ್ಮ.

ಹೆಲೆನ್ ಕೂಗಲಿಲ್ಲ. ಕೆಟಲ್ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಹಿಡಿದು ಅದರ ಹೊಟ್ಟೆಯ ಮೇಲೆ ಬೆರಳಾಡಿಸಿದರು. ಎಷ್ಟೋ ಹೊತ್ತು ಹುಡುಕಿದರು. ಅಡ್ಡಗೆರೆ ಹುಡುಕುತ್ತಿದ್ದಾರೆ ಅಂತ ನನಗೆ ಆಗ ಹೊಳೆಯಿತು.

"ಹೂ ಡಿಡ್ ದಿಸ್?" ಎಂದರು.

ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ. ನಿಮ್ಮಮ್ಮ ನನ್ನ ಮುಖ ನೋಡಿದಳು. ನಿಂಬೆಹಣ್ಣಿನ ವಾಸನೆಯ ನನ್ನ ಕೈಗಳು ಸೆರಗಿನೊಳಗೆ ಹೋಗಿದ್ದವು.

"ಐ ಡಿಡ್" ಎಂದಳು ಅವಳು.

ಮಕ್ಕಳೇ, ಭಾಷೆ ಬರಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಭಾಷೆ ಯಾಕೆ ಬೇಕಿತ್ತು? ಕೈ ಹೊರಗೆ ತೆಗೆದು ನನ್ನ ಎದೆ ಮುಟ್ಟಿಕೊಂಡಿದ್ದರೆ ಸಾಕಿತ್ತು. ನಾನು ನೆಲ ನೋಡುತ್ತಾ ನಿಂತೆ.

ಕಾರಿನಲ್ಲಿ ನಿಮ್ಮಮ್ಮ ಅಂದಳು, "ಬಿಡಮ್ಮ. ನೀನು ಗೊತ್ತಿಲ್ದೇ ಮಾಡ್ದೆ. ಅವ್ರೆದುರು ನೀನು ತಲೆ ತಗ್ಗಿಸ್ಬಾರ್ದು ಅಂತ ನಾನು ಅಂದೆ, ಅಷ್ಟೇ."

"ನಾಳೆ ಹೋಗಿ ನಾನೇ ಹೇಳಿಬಿಡ್ಲಾ?" ಎಂದೆ.

"ಏನಂತ ಹೇಳ್ತೀಯಾ? ಹೇಳಿದ್ರೆ ಗೆರೆ ವಾಪಸ್ ಬರುತ್ತಾ?"

ಅವಳು ಹಾಗೆ ಅಂದಿದ್ದಕ್ಕೆ ನನಗೆ ಒಳಗೊಳಗೇ ಹಾಯೆನಿಸಿತು. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ.

ಆ ಹುದ್ದೆ ಅವಳಿಗೆ ಸಿಗಲಿಲ್ಲ. ಮತ್ತೆ ಬರುವುದು ಬೇಡ ಅಂತ ಹೆಲೆನ್ ಫೋನಿನಲ್ಲಿ ಮೆತ್ತಗೆ ಹೇಳಿದರಂತೆ. ಪರ್ತ್‌ಗೆ ಬರುವವರೆಗೆ, ಎರಡು ವರ್ಷ, ಅವಳು ತರಕಾರಿ ಪ್ಯಾಕ್ ಮಾಡುವ ಶೆಡ್ಡಿಗೆ ಹೋದಳು. ಸ್ಕೂಲಿಂದ ಬಂದ ನೀವು "ಯಕ್, ಆನಿಯನ್ ಹ್ಯಾಂಡ್ಸ್" ಎಂದು ಅವಳ ಕೈ ತಳ್ಳುತ್ತಿದ್ದಿರಿ. ಕೆಟಲ್ ತೊಳೆದದ್ದು ತಾನೇ ಅಂತ ಅವಳು ನಿಮ್ಮಪ್ಪನಿಗೂ ಹೇಳಿದಳು. ಅಲ್ಲಿಂದ ನಿಮ್ಮ ತಮಾಷೆ ಶುರುವಾಯಿತು. ಅವಳೂ ನಿಮ್ಮ ಜೊತೆ ನಗುತ್ತಾಳೆ, ನನ್ನ ಕಡೆ ತಿರುಗುವುದಿಲ್ಲ.

ಚರಿತ್ರೆ ಪಾಠ ಮಾಡಿದವಳು ಅಂಥ ಕೆಟಲ್ ತೊಳೆಯುತ್ತಾಳೆಯೇ? ಒಂದು ಸಲ ಯೋಚಿಸಿದ್ದರೆ ನಿಮಗೇ ತಿಳಿಯುತ್ತಿತ್ತು.

ನಿಮಗೆ ಕನ್ನಡ ಓದಲು ಬರುವುದಿಲ್ಲ, ಇದನ್ನು ಅಮ್ಮನ ಕೈಲೇ ಓದಿಸಿಕೊಳ್ಳಬೇಕು. ಕೆಟಲ್‌ನ ಜಾಗಕ್ಕೆ ಬಂದಾಗ ಅವಳು ಹಾಳೆ ಮಡಚಿ "ಮುಂದೆ ಏನಿಲ್ಲ" ಅನ್ನಬಹುದು. ನನ್ನ ಮಗಳನ್ನು ನಾನು ಬಲ್ಲೆ. ಹಾಳೆ ಕೊಡುವಾಗಲೇ ನಿಮಗೆ ಬಾಯಲ್ಲೂ ಹೇಳಿರುತ್ತೇನೆ: ಬಿಡಬೇಡಿ, ಕೊನೆಯ ಸಾಲಿನವರೆಗೂ ಅವಳ ಬಾಯಿಂದಲೇ ಓದಿಸಿ. ಆಮೇಲೆ ಈ ಹಾಳೆಗಳನ್ನು ಪಾಸ್‌ಪೋರ್ಟ್ ಇಡುವ ಡ್ರಾಯರಿನಲ್ಲಿ ಜೋಪಾನವಾಗಿ ಇಡಿ. ಅವಳ ಕೈಗೆ ಮಾತ್ರ ಕೊಡಬೇಡಿ, ನನ್ನ ಮಾನ ಕಾಯಲು ಹರಿದುಹಾಕಿಬಿಟ್ಟಾಳು.