ಬೀಗರು ಒಪ್ಪುವತನಕ ಸೈಕಲ್ ಬೇಡ

ಐವತ್ತು ದಾಟಿದ ಮೇಲೆ ನಾನು ಮತ್ತೆ ಸೈಕಲ್ ಹತ್ತಿದಾಗ ಧಾರವಾಡದ ನಮ್ಮ ಓಣಿಗೆ ಬಂದ ಸಂಕಟ ನೋಡಬೇಕಿತ್ತು. ಶುಗರ್ ಬಂದದ್ದು ನನಗೆ, ಒದ್ದಾಡಿದವರು ಓಣಿಯವರು. ಕಚೇರಿಗೆ ಹೊರಟರೆ ಸಾಕು, ಎದುರುಮನೆಯ ನಿವೃತ್ತ ಮಾಸ್ತರರು ಗೇಟಿಗೆ ಬಂದು ನಿಲ್ಲುತ್ತಿದ್ದರು.

"ಯಾಕ್ರೀ ಸಾಹೇಬ್ರ, ಕಾರ್ ಮಾರಿದ್ರೇನು?"

"ಇಲ್ರೀ, ಹೊಟ್ಟಿ ಕರಗಸಾಕತ್ತೇನಿ."

ಅವರಿಗೆ ನಗೆ ಬರಲಿಲ್ಲ. ಹಾಲು ತರಲೂ ಸ್ಕೂಟರ್ ಹತ್ತಿ, ಸಂಜೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವ ಮಂದಿಗೆ ನಗುವಷ್ಟು ಉಸಿರಾದರೂ ಎಲ್ಲಿರುತ್ತದೆ?

ನಾನಂತೂ ಮೂರು ತಿಂಗಳಲ್ಲಿ ಬೇರೆ ಮನುಷ್ಯನಾದೆ. ಶುಗರ್ ಇಳಿಯಿತು. ಕಚೇರಿಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ತಪ್ಪಿತು. ಗೊರಕೆ ನಿಂತಿತೆಂದು ಹೆಂಡತಿಯೇ ಒಪ್ಪಿಕೊಂಡಳು. ರವಿವಾರ ರಾಯಾಪುರದ ತನಕ ಹೋಗಿಬರುತ್ತಿದ್ದೆ. ಅಲ್ಲೊಂದು ತಂಡ ಸಿಗುತ್ತಿತ್ತು: ಬಿಗಿ ಚಡ್ಡಿ, ಕಪ್ಪು ಕನ್ನಡಕ. ದುಬಾರಿ ಸೈಕಲ್ಲುಗಳನ್ನು ಕಾರಿನ ಮೇಲೆ ಹೇರಿಕೊಂಡು ಬಂದು, ಇಳಿಸಿ, ಫೋಟೋ ತೆಗೆಸಿಕೊಂಡು, ದೋಸೆ ತಿಂದು, ಮತ್ತೆ ಕಾರಿಗೇ ಹೇರಿಕೊಂಡು ಹೋಗುವ ಪೈಲ್ವಾನರು! ಅಂಥವರಿಗೆ ಊರಲ್ಲಿ ಮರ್ಯಾದೆ. ಕ್ಯಾರಿಯರ್ ಇರುವ ನನ್ನ ಕಪ್ಪು ಸೈಕಲ್ ಕಂಡರೆ ಅನುಮಾನ. ಥೂ ಇವರ!

ಆ ಅನುಮಾನ ಮಗಳ ಸಂಬಂಧಕ್ಕೇ ಬಂದು ತಟ್ಟಿತು. ಹುಬ್ಬಳ್ಳಿಯ ಗಂಡಿನ ಕಡೆಯವರು, ಪದ್ಧತಿಯಂತೆ, ಕನ್ಯೆ ನೋಡಲು ಬರುವ ಮೊದಲು ನಮ್ಮ ಓಣಿಯಲ್ಲಿ ವಿಚಾರಿಸಿದ್ದರು. ಮಾಸ್ತರರು ತಮ್ಮ ಸಂಶೋಧನೆಯನ್ನೆಲ್ಲ ಒಪ್ಪಿಸಿದ್ದರು. ಮಧ್ಯಸ್ಥರ ಫೋನ್ ಬಂತು.

"ಮನಿ ಪರಿಸ್ಥಿತಿ ಛಲೋ ಐತಿಲ್ರೀ? ನೀವು ಸೈಕಲ್ ಮ್ಯಾಲೆ ಅಡ್ಡಾಡ್ತೀರಂತ, ಅವರು ಕೇಳಾಕತ್ತಾರ."

ನಾನು ಕೆಂಡವಾದೆ. ಹೆಂಡತಿ ಕೈಮುಗಿದಳು. "ಫೋನಿನ್ಯಾಗ ಮಾತಾಡಿ ಹುಡುಗ ಹುಡುಗಿ ಇಬ್ಬರಿಗೂ ಮನಸಾಗೇತಿ. ಗಟ್ಟಿ ಆಗೂತನಕ ಅದನ್ನ ಮುಟ್ಟಬ್ಯಾಡ್ರಿ."

ಬಂದರು. ಗಂಡಿನ ತಂದೆ ನಮ್ಮ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಂತರು. ಈ ಮನುಷ್ಯ ನನ್ನನ್ನು ಅಳೆಯಲು ಬಂದಿದ್ದಾನೆ ನೋಡು, ಎಂದು ಒಳಗೊಳಗೇ ನಕ್ಕೆ. ಅವರು ಶಿರಾ ಮುಗಿಸಿ, ಕಿಟಕಿಯಾಚೆ ನೋಡಿದರು.

"ಆ ಸೈಕಲ್ ಯಾರದ್ರೀ?"

"ನಮ್ಮ ಕೆಲಸದಾಕಿ ಗಂಡಂದ್ರೀ," ಎಂದೆ. ನನ್ನ ನಾಲಿಗೆ ತಡವರಿಸಲೂ ಇಲ್ಲ.

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳು ನನ್ನ ಮುಖವನ್ನೇ ನೋಡಿದಳು.

ಸಂಜೆಗೇ ಒಪ್ಪಿಗೆಯ ಫೋನ್ ಬಂತು. ಹೆಂಡತಿ ದೇವರಿಗೆ ದೀಪ ಹಚ್ಚಿದಳು. ಮಗಳು ಬಂದು ನನ್ನ ಪಕ್ಕ ಕೂತಳು.

"ಅಪ್ಪಾ, ಆ ಮನಿಗೆ ಹೋದ ಮ್ಯಾಲೆ ನಾ ಏನೇನ್ ನಂದಲ್ಲ ಅನಬೇಕು, ಈಗ ಹೇಳಿಬಿಡ್ರಿ."

ಫೋನ್ ಎತ್ತಿ ಗಂಡಿನ ತಂದೆಗೆ ಹಚ್ಚಿದೆ.

"ಸೈಕಲ್ ನಂದೇ ಐತ್ರೀ. ಸುಳ್ಳು ಹೇಳಿದೆ. ನಾಳೆ ಮುಂಜಾನೆಯಿಂದ ಮತ್ತ ಅದರ ಮ್ಯಾಲೆನ ಆಫೀಸಿಗೆ ಹೊಂಟೇನಿ."

"ವಿಚಾರ ಮಾಡಿ ತಿಳಸ್ತೀವ್ರೀ," ಎಂದರು.

ಎರಡು ವರ್ಷವಾಯಿತು, ಪುಣ್ಯಾತ್ಮರು ಇನ್ನೂ ವಿಚಾರ ಮಾಡುತ್ತಿದ್ದಾರೆ. ಆ ಹುಡುಗನಿಗೂ ತಾನಾಗಿ ಒಂದು ಫೋನ್ ಮಾಡುವ ಧೈರ್ಯವಾಗಲಿಲ್ಲ. ಮಗಳು ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ, ನನ್ನನ್ನು ದೂರಲೂ ಇಲ್ಲ. ಊರ ಮಂದಿಯನ್ನು ಎಷ್ಟೇ ಬೈಯಲಿ, ಅಂದು ಸೈಕಲ್ ನನ್ನದಲ್ಲವೆಂದು ಅವರೆಲ್ಲರಿಗಿಂತ ಕಡೆಯಾದವನು ನಾನೇ.