ಎಡಗೈಗೆ ಬಂದ ಗ್ಲೈಡರ್

ಆಪಾ ಅವರ ಬಲಗೈಯ ಎರಡು ಬೆರಳ ತುದಿ ಹುಣಸೆಬೀಜದಂತೆ ಗಟ್ಟಿಯಾಗಿತ್ತು. ಶಿವಾಜಿನಗರದ ಅವರ ಜರಿ ಅಂಗಡಿಗೆ ಬರುವವರು ಅದನ್ನು ಸೂಜಿ ಕೆಲಸದ ಗುರುತು ಎಂದುಕೊಳ್ಳುತ್ತಿದ್ದರು. ಅಲ್ಲವೇ ಅಲ್ಲ. ರಿಮೋಟಿನಿಂದ ನಡೆಸುವ, ಮೋಟಾರಿಲ್ಲದ ಪುಟ್ಟ ಗ್ಲೈಡರಿನ ರೆಕ್ಕೆಯ ತುದಿಯಲ್ಲಿ ಎರಡು ಬೆರಳಿಗೆ ಸಿಗುವಷ್ಟು ಹಿಡಿ ಇರುತ್ತದೆ. ಅದನ್ನು ಹಿಡಿದು, ಗಿರ್ರನೆ ಒಂದು ಸುತ್ತು ತಿರುಗಿ ಆಕಾಶಕ್ಕೆ ಬೀಸಬೇಕು. ಕುಕ್ ಟೌನಿನ ನಮ್ಮ ಪಕ್ಕದ ಮನೆಯ ಈ ಆಪಾ, ಎಂದರೆ ಅಕ್ಕ, ಭಾನುವಾರ ಬೆಳಗಾದರೆ ಕೆ.ಆರ್. ಪುರದಾಚೆಯ ಖಾಲಿ ಲೇಔಟಿನಲ್ಲಿ ಮಾಡುತ್ತಿದ್ದುದು ಇದನ್ನೇ. ನನಗೆ ಹಾರಿಸಲು ಕಲಿಸಿದವರೂ ಅವರೇ. ಎಷ್ಟು ಹೊತ್ತು ಗಾಳಿಯಲ್ಲಿದ್ದು ಮೈದಾನದ ಗೆರೆಯೊಳಗೆ ವಾಪಸ್ ಬಂತು ಎಂಬುದೇ ಸ್ಪರ್ಧೆ; ಅಲ್ಲಿ ಅವರ ಪಕ್ಕ ನಿಂತು ಸ್ಟಾಪ್‌ವಾಚ್ ಹಿಡಿಯುವವಳು ನಾನು.

ವರ್ಷವರ್ಷಕ್ಕೂ ಗ್ಲೈಡರುಗಳ ಫ್ಯಾಷನ್ ಬದಲಾಗುತ್ತಿತ್ತು. ಬಾಲ್ಸಾ ಮರ ಹೋಗಿ ಕಾರ್ಬನ್ ನಾರು ಬಂತು, ರೆಕ್ಕೆ ಹಪ್ಪಳದಂತೆ ತೆಳುವಾಯಿತು. ನಂದೇ ಹಗುರ, ನಂದೇ ಹಗುರ ಎಂದು ಎಲ್ಲರೂ ಬೀಗುವಾಗ ಆಪಾ ಮೂತಿ ತಿರುವುತ್ತಿದ್ದರು. "ತೆಳ್ಳಗಿದ್ರೆ ಸಾಕಾ? ಗಾಳಿ ಎದ್ರಿಗೆ ಬಂದಾಗ ವಾಪಸ್ ಬರ್ಬೇಕಲ್ಲ!" ಎನ್ನುತ್ತ ತಮ್ಮ ಗ್ಲೈಡರಿನ ಹೊಟ್ಟೆಗೆ ಸೀಸದ ತುಂಡು ತುರುಕುವರು.

ಆಮೇಲೆ ಅವರ ಬಲಭುಜ ಹಿಡಿದುಕೊಂಡಿತು. ತಲೆ ಬಾಚಲೂ ಕೈ ಏಳದು. ಆ ಕೈಯಲ್ಲಿ ಇನ್ನು ಎಸೆಯಲೇಬೇಡಿ ಎಂದರು ಡಾಕ್ಟರು. ಗ್ಲೈಡರ್ ಬೀರುವಿನ ಮೇಲೇರಿತು, ಆಪಾ ಮಾತೂ ಕಡಿಮೆ ಮಾಡಿದರು.

ಊಟದ ತಟ್ಟೆಯ ಮುಂದೆ ಎಡಗೈಗೆ ಏಟು ತಿಂದು ಬೆಳೆದ ಎಡಚಿ ನಾನು. ಒಂದು ಸಂಜೆ ಅವರ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾಗ ಆಪಾ ನನ್ನ ಕೈಯನ್ನೇ ನೋಡಿದರು. "ಅರೆ, ನೀನು ಆ ಕೈಲೇ ಎಸೀತೀಯಲ್ಲೇ. ನಂಗೂ ಹೇಳ್ಕೊಡು."

ಮೊದಲ ಎಸೆತದಲ್ಲೇ ಎಡವಟ್ಟು. ಎಡಗೈಯವರಿಗೆ ಹಿಡಿ ಬಲರೆಕ್ಕೆಯಲ್ಲಿರಬೇಕು. ನನ್ನ ಗ್ಲೈಡರಿಗೆ ಹಾಗೆ ಹಾಕಿಕೊಟ್ಟಿದ್ದವರೇ ಆಪಾ. ಆದರೂ ಅಭ್ಯಾಸಬಲ ನೋಡಿ, ತಮ್ಮದರ ಎಡರೆಕ್ಕೆಯನ್ನೇ ಹಿಡಿದು ಬೀಸಿದರು. ಅದು ಬಾಲ ಮುಂದು ಮಾಡಿಕೊಂಡು ಹಾರಿ ಮಣ್ಣು ಮುಕ್ಕಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹಿಡಿ ಬದಲಾಯಿಸಿದ ಮೇಲೂ ತಿಂಗಳುಗಟ್ಟಲೆ ತಲೆ ಸುತ್ತಿ ಕೂರುತ್ತಿದ್ದರು. "ಆಪಾ, ಸೊಂಟ ಮೊದ್ಲು ತಿರುಗ್ಲಿ, ಕೈ ಆಮೇಲೆ," ಎಂದು ನಾನು ಗದರುತ್ತಿದ್ದೆ.

ಸ್ಪರ್ಧೆಯ ದಿನ ಗಾಳಿಯೆದ್ದಿತು. ಹಗುರವಾದವೆಲ್ಲ ಗೆರೆಯಾಚೆ ಬಿದ್ದವು. ಆಪಾ ಎಸೆದದ್ದು ಚುಕ್ಕಿಯಷ್ಟಾಗಿ ದೂರ ತೇಲುತ್ತಿತ್ತು, ಹೋಯಿತು ಎಂದುಕೊಂಡೆ. ಅವರು ರಿಮೋಟಿನಲ್ಲಿ ಅದರ ಮೂತಿ ತಗ್ಗಿಸಿ ತಿರುಗಿಸಿದರು. ಗಾಳಿ ಸೀಳಿಕೊಂಡು ಬಂದದ್ದು ಸೀದಾ ಅವರ ಎಡಗೈಯಲ್ಲಿ ಕೂತಿತು. ಅಬ್ಬಾ! ಎಷ್ಟು ತಿಂಗಳ ಸಂಕಟವೋ, ಗಳಗಳ ಅತ್ತುಬಿಟ್ಟೆ.

"ಅಳೋದು ಆಮೇಲೆ, ವಾಚ್ ನಿಲ್ಸೇ!"

ಪಕ್ಕದ ಸ್ಪರ್ಧಿ ಬೆರಗಾಗಿ ಕೇಳಿದ: "ಆಂಟಿ, ಎಡಗೈಲಿ ಎಸೆಯೋದು ಯಾರ್ ಕಲ್ಸಿದ್ರು?"

"ಇವಳೇ ನನ್ನ ಉಸ್ತಾದ್," ಎಂದರು ಆಪಾ.

ನನಗೆ ಕಲಿಸಿದವರ ಬಾಯಲ್ಲಿ ಆ ಮಾತು! ಆ ಋಣ ಹಾಗೇ ಇದೆ. ತೀರಿಸುವ ಮನಸ್ಸೂ ನನಗಿಲ್ಲ.