ಪನ್ನೀರುದಾನಿಗೆ ಹೋದ ಮೈಸೆಲರ್ ವಾಟರ್

ಇದು ಕಳೆದ ವರ್ಷದ ಮಾಘ ಮಾಸದ ಮಾತು. ಕೊಳ್ಳೇಗಾಲದಲ್ಲಿ ನಾನು ಬ್ಯೂಟಿ ಪಾರ್ಲರ್ ಇಟ್ಟು ಆಗ ಹತ್ತೊಂಬತ್ತನೆಯ ವರ್ಷ ನಡೆಯುತ್ತಿತ್ತು. ಹುಬ್ಬು ತೀಡುವುದು, ಫೇಶಿಯಲ್ ಮಾಡುವುದು ದಿನದ ಕೆಲಸ. ಲಗ್ನದ ತಿಂಗಳು ಬಂತೆಂದರೆ ಪೆಟ್ಟಿಗೆ ಹೊತ್ತುಕೊಂಡು ಹನೂರು, ಕಾಮಗೆರೆ, ಯಳಂದೂರು, ಅಗರ ಅಂತ ಹೆಣ್ಣು ಸಿಂಗರಿಸಲು ಹೊರಡುತ್ತೇನೆ. ಎಷ್ಟು ಮದುವಣಗಿತ್ತಿಯರ ಮುಖ ನನ್ನ ಕೈಯಡಿ ಹಾದುಹೋಗಿವೆಯೋ ಎಣಿಸಿಟ್ಟಿಲ್ಲ. ಆದರೆ ಹೊನ್ನೂರಿನ ಚೈತ್ರಳ ಮುಖ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೆ ಬಣ್ಣ ಹಚ್ಚಿದ್ದು ನೆನಪಿಲ್ಲ, ತೆಗೆದದ್ದು ನೆನಪಿದೆ.

ಬಣ್ಣ ತೆಗೆಯುವ ಕೆಲಸದ ಬಗ್ಗೆ ಮೊದಲು ಎರಡು ಮಾತು ಹೇಳಬೇಕು. ನಾನು ಕೆಲಸ ಕಲಿತಾಗ ಕೊಬ್ಬರಿ ಎಣ್ಣೆ ಸವರಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸುತ್ತಿದ್ದೆವು. ಬಣ್ಣವೇನೋ ಬಿಡುತ್ತಿತ್ತು, ಜಿಡ್ಡು ಉಳಿಯುತ್ತಿತ್ತು. ಜಿಡ್ಡಿಗೆ ಸೋಪು ಹಾಕಿದರೆ ಮುಖ ಬಿಗಿದುಕೊಂಡು, ಮೇಲೆ ಮತ್ತೊಂದು ಮೇಕಪ್ ಕೂರುತ್ತಿರಲಿಲ್ಲ. ಈಗಿನ ಮದುವೆಗಳಲ್ಲಿ ಬೆಳಿಗ್ಗೆ ಧಾರೆ, ಅದೇ ಮಧ್ಯಾಹ್ನ ರಿಸೆಪ್ಷನ್. ಎರಡರ ನಡುವೆ ನಮಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಅಷ್ಟರಲ್ಲಿ ಅರಿಶಿನ, ಕುಂಕುಮ, ಬೆವರು, ಕಣ್ಣೀರು ಎಲ್ಲ ಬೆರೆತ ಮೇಕಪ್ ತೆಗೆದು ಹೊಸದು ಹಾಕಬೇಕು.

ಈ ಅವಸರಕ್ಕೆ ಬಂದದ್ದು ಮೈಸೆಲರ್ ವಾಟರ್. ನೋಡಲು ನೀರೇ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಿರುತ್ತವೆ, ಅವಕ್ಕೆ ಮೈಸೆಲ್ ಎನ್ನುತ್ತಾರೆ. ಉಂಡೆಯ ಹೊರಮೈ ನೀರಿಗೆ ಒಗ್ಗುತ್ತದೆ, ಒಳಮೈ ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಹತ್ತಿಯಲ್ಲಿ ನೆನೆಸಿ ಮುಖದ ಮೇಲಿಟ್ಟರೆ ಬಣ್ಣ ಹತ್ತಿಗೆ ಬರುತ್ತದೆ. ಉಜ್ಜುವ ಹಾಗಿಲ್ಲ, ಸೋಪು ಬೇಕಿಲ್ಲ. ನಾನು ಒಂದು ಬಗೆಯದನ್ನು ಬಹಳ ದಿನದಿಂದ ಬಳಸುತ್ತಿದ್ದೆ. ನಸುಗೆಂಪು ಬಣ್ಣ, ಗುಲಾಬಿಯ ಪರಿಮಳ. ಹೆಂಗಸರು ಮೂಸಿ ನೋಡಿ, "ಎಷ್ಟ್ ಚೆನ್ನಾಗದೆ ಅಕ್ಕ" ಅನ್ನುತ್ತಿದ್ದರು. ನಾನು ಅದನ್ನು ಆರಿಸಿಕೊಂಡಿದ್ದೂ ಆ ಮಾತಿಗೇ. ದೊಡ್ಡ ಡಬ್ಬದಿಂದ ಲೇಬಲ್ ಇಲ್ಲದ ಗಾಜಿನ ಬಾಟಲಿಗೆ ಬಗ್ಗಿಸಿಕೊಂಡು ಮದುವೆಗೆ ಒಯ್ಯುತ್ತಿದ್ದೆ. ಈ ಎರಡು ತಪ್ಪುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಚೈತ್ರ ಮದುವೆಗೆ ಹದಿನೈದು ದಿನ ಮುಂಚೆ ಪಾರ್ಲರಿಗೆ ಬಂದಳು. ಕುರ್ಚಿಯಲ್ಲಿ ಕೂತವಳು ಸೀರೆ, ಜಡೆ ಯಾವುದರ ಮಾತೂ ಎತ್ತದೆ ನೇರವಾಗಿ ಕಣ್ಣಿನ ವಿಷಯಕ್ಕೆ ಬಂದಳು.

"ಅಕ್ಕ, ನನ್ ಕಣ್ಣು ಊದ್ಕೋಬಾರ್ದು. ಅದೊಂದ್ ನೋಡ್ಕಳಿ."

ನಿಶ್ಚಿತಾರ್ಥದ ದಿನ ಬೇರೆ ಯಾರೋ ಅವಳಿಗೆ ಮೇಕಪ್ ಮಾಡಿದ್ದರು. ಕಾರ್ಯ ಮುಗಿದ ಮೇಲೆ ಪರಿಮಳದ ಒದ್ದೆ ಟಿಶ್ಯೂ ಹಿಡಿದು ಗಸಗಸ ಉಜ್ಜಿ, ಮೇಲೆ ಟವೆಲ್ಲಿನಲ್ಲೂ ಒರೆಸಿದ್ದರಂತೆ. ಅರ್ಧ ಗಂಟೆಗೆ ರೆಪ್ಪೆ ಹಲಸಿನ ತೊಳೆಯಂತೆ ಊದಿತು. ಆ ಹೊತ್ತಿಗೆ ಗಂಡಿನ ಅಜ್ಜಿ, ಕಾಮಗೆರೆಯ ಪುಟ್ಟಮಾದಮ್ಮ, ಹೊರಡುವ ಮುನ್ನ ಹುಡುಗಿಯನ್ನು ಮಾತಾಡಿಸಲು ಬಂದರು. ನೋಡಿದರು. ಏನೂ ಅನ್ನಲಿಲ್ಲ. ಊರಿಗೆ ಹೋದ ಮೇಲೆ ಅಂದರು. ಹೆಣ್ಣಿಗೆ ಕಣ್ಣಿನ ಕಾಯಿಲೆ ಇದೆ, ಮುಚ್ಚಿಟ್ಟು ಕೊಡುತ್ತಿದ್ದಾರೆ ಎಂಬ ಮಾತು ಕಾಮಗೆರೆಯಿಂದ ಹೊನ್ನೂರಿಗೆ ಬಂದು ಮುಟ್ಟಲು ಎರಡು ದಿನ ಹಿಡಿಯಿತು. ಹುಡುಗ ಒಳ್ಳೆಯವನು, ಕೇಳಿ ನಕ್ಕನಂತೆ. ಆದರೆ ಮದುವೆಯ ದಿನ ಎರಡು ಕಡೆಯ ನೆಂಟರ ಮುಂದೆ ಮತ್ತೆ ಕಣ್ಣು ಊದಿದರೆ ಆ ಮಾತು ಅವಳ ಜೊತೆಗೇ ಗಂಡನ ಮನೆಯ ಹೊಸ್ತಿಲು ದಾಟುತ್ತದೆ.

"ನಂಗೆ ಸೆಂಟು, ವಾಸ್ನೆ ಸೋಪು ಯಾವ್ದೂ ಆಗ್ಬರಲ್ಲ ಅಕ್ಕ" ಎಂದೂ ಹೇಳಿದಳು.

ಕೇಳಿಸಿಕೊಂಡೆ. ನನ್ನ ಮನಸ್ಸಿಗೆ ಇಳಿದದ್ದು ಮಾತ್ರ ಟವೆಲ್ಲಿನ ಸಂಗತಿ. ಉಜ್ಜಿದ್ದರಿಂದ ಊದಿದೆ, ನನ್ನ ಹತ್ತಿರ ಉಜ್ಜುವ ಪ್ರಮೇಯವೇ ಇಲ್ಲ ಅಂದುಕೊಂಡು, "ನಂತಾವ ಒಳ್ಳೇ ನೀರದೆ, ನೀನು ಸುಮ್ನಿರು" ಅಂತ ಧೈರ್ಯ ಹೇಳಿ ಕಳಿಸಿದೆ.

ಮದುವೆ ಯಳಂದೂರಿನ ಒಂದು ಛತ್ರದಲ್ಲಿ. ಮುಹೂರ್ತ ಒಂಬತ್ತೂವರೆಯಿಂದ ಹತ್ತೂಕಾಲು, ರಿಸೆಪ್ಷನ್ ಹನ್ನೆರಡಕ್ಕೆ. ಧಾರೆಯ ಹೊತ್ತಿಗೆ ಹುಡುಗಿ ಅಳುವುದು ಖಂಡಿತ ಅಂತ ರೆಪ್ಪೆಗೆ ನೀರಿಗೆ ಕರಗದ ವಾಟರ್‌ಪ್ರೂಫ್ ಮಸ್ಕಾರ ಹಾಕಿದ್ದೆ. ಅವಳು ನನ್ನ ಲೆಕ್ಕಕ್ಕಿಂತ ಹೆಚ್ಚೇ ಅತ್ತಳು. ಎಲ್ಲ ಮುಗಿದು ಅವಳು ಹೆಣ್ಣಿನ ಕೋಣೆಗೆ ಬರುವಾಗ ಹನ್ನೊಂದು. ಹಣೆಯ ಕುಂಕುಮ ಮೂಗಿನ ಮೇಲೆ ಇಳಿದಿತ್ತು, ಕೆನ್ನೆಗೆ ಅರಿಶಿನ ಮೆತ್ತಿತ್ತು, ಅಕ್ಷತೆಯ ಕಾಳು ಹುಬ್ಬಿನಲ್ಲಿ ಕೂತಿತ್ತು. ಕುರ್ಚಿಯಲ್ಲಿ ಕೂರಿಸಿ, ಹತ್ತಿ ತೆಗೆದು, ಬಾಟಲಿಗೆ ಕೈ ಹಾಕಿದೆ. ಬಾಟಲಿ ಇಲ್ಲ.

ಪೆಟ್ಟಿಗೆ ಬೋರಲು ಹಾಕಿದೆ. ಮಂಚದ ಕೆಳಗೆ, ಸೀರೆಗಳ ಕೆಳಗೆ ನೋಡಿದೆ. ಬೆಳಿಗ್ಗೆ ಕಿಟಕಿಯ ಮೇಲೆ ನಾನೇ ಇಟ್ಟಿದ್ದೆ. ಧಾರೆಯ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಯಾರನ್ನಾದರೂ ಕೇಳೋಣವೆಂದು ಹೊರಗೆ ಬಂದು ಛತ್ರದ ಬಾಗಿಲ ಕಡೆ ನಡೆದೆ. ಹತ್ತು ಹೆಜ್ಜೆಗೆ ಗುಲಾಬಿಯ ಪರಿಮಳ ಮೂಗಿಗೆ ಬಡಿಯಿತು. ನನ್ನ ಪಾರ್ಲರಿನ ಪರಿಮಳ.

ಬಾಗಿಲಲ್ಲಿ ಚೈತ್ರಳ ಸೋದರಮಾವ ಮಾದೇಶಣ್ಣ ನಿಂತಿದ್ದರು. ರೇಷ್ಮೆ ಪಂಚೆ, ಹೆಗಲಿಗೆ ಶಲ್ಯ, ಕೈಯಲ್ಲಿ ಬೆಳ್ಳಿಯ ಪನ್ನೀರುದಾನಿ. ಬಂದವರ ತಲೆಯ ಮೇಲೆ ಎರಡೆರಡು ಸಲ ಧಾರಾಳವಾಗಿ ಚಿಮುಕಿಸಿ, ಕಲ್ಲುಸಕ್ಕರೆ ಕೊಟ್ಟು ಒಳಗೆ ಬಿಡುತ್ತಿದ್ದರು. ಪಕ್ಕದ ಮೇಜಿನ ಮೇಲೆ ನನ್ನ ಬಾಟಲಿ ಬರಿದಾಗಿ ಮಲಗಿತ್ತು.

"ಮಾದೇಶಣ್ಣ, ಆ ಪನ್ನೀರು ಎಲ್ಲಿಂದ ತಂದ್ರಿ?"

"ಎಣ್ಣಿನ್ ರೂಮ್ನಲ್ಲಿ ಇತ್ತು ಕಣಕ್ಕ. ನಾವ್ ತಂದಿದ್ದು ಬೆಳಗ್ಗೇನೇ ಮುಗ್ದೋಯ್ತು. ಇದು ಬಲೇ ಗಮ್ ಅಂತದೆ. ಎಲ್ ತಕಂಡ್ರಿ?"

"ಅದು ಮೇಕಪ್ ತೆಗಿಯೋ ನೀರು ಮಾದೇಶಣ್ಣ."

ಅವರು ಪನ್ನೀರುದಾನಿಯನ್ನು ನೋಡಿದರು. ಆಗತಾನೆ ಒಳಗೆ ಹೋದವರ ಬೆನ್ನನ್ನು ನೋಡಿದರು. "ಅಂಗಾದ್ರೆ ಕಾಮಗೆರೆಯಿಂದ ಬಂದ ಬಸ್ಸಿನೋರ್ಗೆಲ್ಲಾ..." ಎಂದರು.

ಬೈಯಲು ಸಮಯವಿರಲಿಲ್ಲ. "ಬೈಕ್ ತಕಂಡು ಮೆಡಿಕಲ್‌ಗೆ ಓಗಿ. ಮೈಸೆಲರ್ ವಾಟರ್ ಅಂತ ಕೇಳಿ. ಇರೋ ಬಾಟ್ಲಿಗಳ ಫೋಟೊ ನಂಗೆ ಕಳ್ಸಿ, ನಾನ್ ಏಳೋಗಂಟ ಯಾವ್ದೂ ತಕಬೇಡಿ" ಎಂದೆ. ಅವರು ಪನ್ನೀರುದಾನಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೈಕು ಹತ್ತಿದರು.

ನಾನು ಕೋಣೆಗೆ ಮರಳಿದೆ. ಏಳು ನಿಮಿಷಕ್ಕೆ ಫೋಟೊ ಬಂತು, ಹಿಂದೆಯೇ ಫೋನೂ ಬಂತು. ಮೂರು ಬಾಟಲಿ. ಒಂದು ಹಸಿರು, ಜಿಡ್ಡು ಚರ್ಮದವರಿಗೆ. ಹಿಂದಿನ ಅಕ್ಷರ ಹಿಗ್ಗಿಸಿ ನೋಡಿದರೆ ಆಲ್ಕೊಹಾಲ್ ಇತ್ತು, ಕಣ್ಣಿನ ಹತ್ತಿರಕ್ಕೆ ತರುವಂತಿಲ್ಲ. ಇನ್ನೊಂದು ನನ್ನದೇ ಗುಲಾಬಿ ಬಗೆ. ಮೂರನೆಯದು ಬಿಳಿ, ಚಿಕ್ಕದು, ಸೂಕ್ಷ್ಮ ಚರ್ಮಕ್ಕೆ, ಕಣ್ಣಿಗೂ ಬಳಸಬಹುದು, ಪರಿಮಳ ಹಾಕಿಲ್ಲ ಎಂದು ಬರೆದಿತ್ತು.

"ಅಕ್ಕ, ಗುಲಾಬಿದೇ ತತ್ತೀನಿ. ಅದೇ ಅಲ್ವಾ ನಿಮ್ದು?"

ಹೂಂ ಅನ್ನಬೇಕು ಅಂತ ಬಾಯಿ ತೆರೆದೆ. ಪಕ್ಕದಲ್ಲಿ ಚೈತ್ರ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಪೆಟ್ಟಿಗೆ ಬೋರಲು ಹಾಕಿದಾಗ ಹರಡಿದ ಗುಲಾಬಿ ವಾಸನೆಗೇ ಎರಡು ಸಲ ಸೀನಿದ್ದಳು. ಹದಿನೈದು ದಿನದ ಹಿಂದೆ ಅವಳು ಹೇಳಿದ ಮಾತು ಆಗ ನನ್ನ ಕಿವಿಯಿಂದ ಒಳಕ್ಕೆ ಇಳಿಯಿತು.

"ಬೇಡ. ಆ ಬಿಳೀದು, ವಾಸ್ನೆ ಇಲ್ದೇ ಇರೋದು ತನ್ನಿ."

"ವಾಸ್ನೇನೂ ಇಲ್ಲ, ಬಣ್ಣಾನೂ ಇಲ್ಲ. ಇದು ಬರೀ ನೀರಲ್ವಾ ಅಕ್ಕ? ಅದ್ನ ಅಲ್ಲೇ ನಲ್ಲೀಲಿ ಇಡ್ಕೋಬೌದಲ್ಲ!"

"ತನ್ನಿ ಅಂದೆ."

ಬಾಟಲಿ ಕೈಗೆ ಬಂದಾಗ ಹನ್ನೊಂದೂ ಇಪ್ಪತ್ತು. ಹೊಸ ವಸ್ತು ಯಾವುದನ್ನಾದರೂ ಕಿವಿಯ ಹಿಂದೆ ಹಚ್ಚಿ ಒಂದು ದಿನ ಕಾದು ನೋಡುವುದು ನಮ್ಮ ವೃತ್ತಿಯ ನಿಯಮ. ಅದಕ್ಕೆ ಪ್ಯಾಚ್ ಟೆಸ್ಟ್ ಎನ್ನುತ್ತಾರೆ. ನನಗಿದ್ದದ್ದು ಐದು ನಿಮಿಷ. ಕಿವಿಯ ಹಿಂದೆ ಹಚ್ಚಿ ಆ ಐದು ನಿಮಿಷವನ್ನು ಗಡಿಯಾರ ನೋಡುತ್ತಾ ಕಳೆದೆ. ಉರಿ ಇಲ್ಲ, ಕೆಂಪಿಲ್ಲ.

ಕೆನ್ನೆ, ಹಣೆ ಸಲೀಸಾಗಿ ಬಿಟ್ಟವು. ತೊಡಕಾದದ್ದು ರೆಪ್ಪೆ. ವಾಟರ್‌ಪ್ರೂಫ್ ಮಸ್ಕಾರಕ್ಕೆ ಎಣ್ಣೆ ಬೆರೆತ, ಎರಡು ಪದರದ, ಕುಲುಕಿ ಹಚ್ಚುವ ರಿಮೂವರ್ ಇದ್ದರೆ ಬೇಗ. ಬರೀ ಮೈಸೆಲರ್ ವಾಟರ್ ನಿಧಾನ. ಬೆರಳಿಗೆ ಉಜ್ಜುವ ಆಸೆ ಹುಟ್ಟುವುದು ಇಂಥ ಹೊತ್ತಿನಲ್ಲೇ. ನಮ್ಮಜ್ಜಿ ಸೀದ ಪಾತ್ರೆಯ ಮುಂದೆ ನನ್ನನ್ನು ಕೂರಿಸಿ ಹೇಳುತ್ತಿದ್ದಳು: "ಉಜ್ಜುದ್ರೆ ಪಾತ್ರೆ ಸವೀತದೆ ಮಗ, ನೆನೆಸುದ್ರೆ ಸೀದದ್ದು ಬುಡ್ತದೆ." ಹತ್ತಿ ತುಂಬ ನೆನೆಸಿ ಮುಚ್ಚಿದ ಕಣ್ಣಿನ ಮೇಲಿಟ್ಟೆ. ಮೂವತ್ತು ಎಣಿಸಿದೆ. ಕೆಳಕ್ಕೆ ಒಂದೇ ಸಲ ಎಳೆದೆ. ಮತ್ತೆ ಹೊಸ ಹತ್ತಿ, ಮತ್ತೆ ಮೂವತ್ತು.

ನಾಲ್ಕನೆಯ ಸಲ ಎಣಿಸುತ್ತಿದ್ದಾಗ ಬಾಗಿಲು ತೆರೆಯಿತು. ಪುಟ್ಟಮಾದಮ್ಮನವರು. ಚೈತ್ರಳ ಕೈ ನನ್ನ ಸೆರಗನ್ನು ಹಿಡಿಯಿತು. ಎರಡೂ ಕಣ್ಣಿನ ಮೇಲೆ ಹತ್ತಿ ಇದ್ದುದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳಿಸಿತು.

"ಏನವ್ವಾ, ಈ ಸಲೂ ಕಣ್ಣು ಊದ್ಕಂಡವಾ?"

ನಾನು ಎಣಿಕೆ ಮುಗಿಸಿ ಹತ್ತಿ ತೆಗೆದೆ. ಉಳಿದ ಕಪ್ಪನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಬಿಡಿಸಿದೆ. ಬಾಟಲಿಯ ಮೇಲೆ ತೊಳೆಯಬೇಕಿಲ್ಲ ಎಂದೇ ಬರೆದಿರುತ್ತದೆ. ಆದರೂ ಸೂಕ್ಷ್ಮ ಚರ್ಮದವರ ಮುಖದಲ್ಲಿ ಅದನ್ನು ಉಳಿಸದಿರುವುದೇ ಮೇಲು ಅಂತ ತಣ್ಣೀರಿನಲ್ಲಿ ತೊಳೆಸಿ, ಮೆತ್ತಗೆ ಒತ್ತಿ ಒರೆಸಿದೆ. ಚೈತ್ರ ಕಣ್ಣು ಬಿಟ್ಟಳು. ಅತ್ತದ್ದಕ್ಕೆ ಅಂಚಿನಲ್ಲಿ ಸ್ವಲ್ಪ ಕೆಂಪಿತ್ತು. ಊತ ಇರಲಿಲ್ಲ.

ಆಗ ನಾನು ತಿರುಗಿ ಅಜ್ಜಿಯ ಮುಖ ನೋಡಿದೆ. ಅವರ ಎಡಗಣ್ಣು ಕೆಂಪಗೆ ಕೆಂಡದಂತಾಗಿ ಅರ್ಧ ಮುಚ್ಚಿಹೋಗಿತ್ತು. ಸೆರಗಿನ ತುದಿಯಿಂದ ಉಜ್ಜುತ್ತಲೇ ನಿಂತಿದ್ದರು.

"ನಮ್ಮ್ ಬಸ್ಸಿನೋರ್ನ ಕರ್ಕಳಾಣ ಅಂತ ಬಾಗ್ಲಿಗೆ ಓದೆ ಕಣವ್ವ. ಆ ಮಾದೇಶ ಮೊಕುಕ್ಕೇ ಎರಚ್ಬುಟ್ಟ. ಅವಾಗ್ನಿಂದ ಒಂದೇ ಸಮ ಉರಿ. ನೀನೇನೋ ಕಣ್ಗೆ ಔಸ್ದಿ ಆಕ್ತಿದ್ದೀಯ ಅಂದ್ರು, ನಂಗೂ ಒಸಿ ಆಕು."

ಮುಚ್ಚಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. "ಅಜ್ಜಿ, ಅದು ಪನ್ನೀರಲ್ಲ. ನನ್ ಬಾಟ್ಲಿ ನೀರು, ಮೇಕಪ್ ತೆಗಿಯೋದು. ಅದ್ರಲ್ಲಿರೋ ಸೆಂಟು ಕೆಲವ್ರಿಗೆ ಆಗಲ್ಲ. ಉಜ್ಜಿದ್ರೆ ಇನ್ನೂ ಊದ್ತದೆ" ಎಂದೆ.

ನಾನು ಹೇಳಿ ಮುಗಿಸುವ ಮೊದಲೇ ಚೈತ್ರ ಎದ್ದಿದ್ದಳು. ಧಾರೆ ಸೀರೆಯಲ್ಲೇ, ಬೋಳು ಮುಖದಲ್ಲೇ, ಅಜ್ಜಿಯ ಕೈಯಿಂದ ಸೆರಗು ಬಿಡಿಸಿದಳು. "ಉಜ್ಬೇಡಿ ಅಜ್ಜಿ. ಬಗ್ಗಿ." ಚೊಂಬಿನಿಂದ ತಣ್ಣೀರು ಬೊಗಸೆಗೆ ಬಗ್ಗಿಸಿಕೊಂಡು ಕಣ್ಣಿಗೆ ಹತ್ತು ಹನ್ನೆರಡು ಸಲ ಬಿಟ್ಟಳು. ಒದ್ದೆ ಹತ್ತಿ ಇಟ್ಟು, ಎಣಿಸಿದಳು. ನನ್ನ ಹಾಗೆಯೇ ಮೂವತ್ತು.

ಹತ್ತಿಯ ಕೆಳಗಿಂದ ಅಜ್ಜಿಯ ಧ್ವನಿ ಬಂತು. "ಆವತ್ತು ನಿಂಗೂ ಇಂಗೇ ಆಗಿತ್ತಾ?"

"ಊಂ ಅಜ್ಜಿ. ಟಿಶ್ಯೂ ಸೆಂಟಿಗೆ."

ಅಜ್ಜಿ ಅವಳ ಕೈ ಹಿಡಿದುಕೊಂಡರು. "ಅಯ್ಯೋ ಸಿವನೇ, ನಾನು ಕಾಯ್ಲೆ ಅಂತ ಕೇರಿಗೆಲ್ಲಾ ಏಳ್ಬುಟ್ನಲ್ಲವ್ವಾ."

ಅಷ್ಟರಲ್ಲಿ ಮಾದೇಶಣ್ಣ ಬಾಗಿಲಲ್ಲಿ ಇಣುಕಿದರು. ಅಜ್ಜಿ ಒಂದೇ ಕಣ್ಣಿನಲ್ಲಿ ಅವರನ್ನು ಹಿಡಿದುಬಿಟ್ಟರು. "ಬಾರ್ಲಾ ಇಲ್ಲಿ. ಬೀಗ್ರ ಬಣ್ಣ ಬಾಗ್ಲಲ್ಲೇ ತೊಳ್ದು ಒಳಿಕ್ ಬುಡಾಣ ಅಂತಿದ್ದೇನ್ಲಾ?"

"ಒಳ್ಳೇ ಗಮ್ ಅಂತಿತ್ತು ಕಣಜ್ಜಿ" ಎಂದು ತಲೆ ಕೆರೆದುಕೊಂಡರು ಮಾದೇಶಣ್ಣ.

ಹನ್ನೆರಡಕ್ಕೆ ಶುರುವಾಗಬೇಕಿದ್ದ ರಿಸೆಪ್ಷನ್ ಹನ್ನೆರಡೂ ಇಪ್ಪತ್ತಕ್ಕೆ ಶುರುವಾಯಿತು. ಚೈತ್ರಳ ಕಣ್ಣು ಎಲ್ಲ ಫೋಟೊಗಳಲ್ಲೂ ನಿಚ್ಚಳವಾಗಿದೆ. ಪಕ್ಕದಲ್ಲಿ ನಿಂತ ಅಜ್ಜಿಯ ಎಡಗಣ್ಣು ಮಾತ್ರ ಸಣ್ಣದಾಗಿದೆ. ಏನಾಯಿತೆಂದು ಕೇಳಿದವರಿಗೆಲ್ಲ ಅಜ್ಜಿಯೇ ಕಾರಣ ಹೇಳಿದರು, ಹೇಳುವಾಗ ನಿಶ್ಚಿತಾರ್ಥದ ದಿನದ ಕತೆಯನ್ನೂ ಸೇರಿಸಿದರು. ಕಾಯಿಲೆಯ ಮಾತು ಹೊರಟ ಬಾಯಿಂದಲೇ ಅಡಗಿತು.

ಈಗ ನನ್ನ ಪೆಟ್ಟಿಗೆಯಲ್ಲಿ ಲೇಬಲ್ ಇಲ್ಲದ ಬಾಟಲಿ ಇಲ್ಲ. ಮೈಸೆಲರ್ ವಾಟರ್ ಕೊಳ್ಳುವಾಗ ಮೊದಲು ಹಿಂದಿನ ಸಣ್ಣ ಅಕ್ಷರ ಓದುತ್ತೇನೆ: ಪರಿಮಳ ಇರಬಾರದು, ಆಲ್ಕೊಹಾಲ್ ಇರಬಾರದು, ಕಣ್ಣಿಗೆ ಬಳಸಬಹುದು ಎಂದಿರಬೇಕು. ಮಸ್ಕಾರ ಗಟ್ಟಿಯದಾದರೆ ಎರಡು ಪದರದ್ದನ್ನು ಬೇರೆ ಇಟ್ಟುಕೊಳ್ಳುತ್ತೇನೆ. ಕಿವಿಯ ಹಿಂದಿನ ಪರೀಕ್ಷೆ ಮದುವೆಗೆ ವಾರ ಮುಂಚೆಯೇ ಆಗುತ್ತದೆ. ಆದರೆ ಇವೆಲ್ಲ ಯಾವ ತರಬೇತಿಯಲ್ಲಾದರೂ ಹೇಳಿಕೊಡುವ ಮಾತು. ಆ ದಿನ ಮಾದೇಶಣ್ಣ ನನ್ನ ಬಾಟಲಿ ಒಯ್ಯದಿದ್ದರೆ ಗುಲಾಬಿ ನೀರಿನ ಹತ್ತಿಯನ್ನು ನಾನೇ ಧೈರ್ಯವಾಗಿ ಚೈತ್ರಳ ಕಣ್ಣಿನ ಮೇಲಿಡುತ್ತಿದ್ದೆ. ಅವಳು ತನಗೆ ಏನು ಆಗಿಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಳು. ನಾನು ನನ್ನ ಹತ್ತೊಂಬತ್ತು ವರ್ಷದ ಮಾತನ್ನು ಕೇಳಿದೆ, ಅವಳದನ್ನು ಕೇಳಲಿಲ್ಲ. ಅದಕ್ಕೇ ಈಗ ಹೊಸ ಹೆಣ್ಣು ಬಂದು ಕುರ್ಚಿಯಲ್ಲಿ ಕೂತರೆ, ಪೆಟ್ಟಿಗೆ ಮುಚ್ಚಿಟ್ಟು ಎದುರಿಗೆ ಸ್ಟೂಲು ಎಳೆದುಕೊಂಡು, "ನಿನ್ ಮೊಕಕ್ಕೆ ಯಾವ್ದು ಆಗ್ಬರಲ್ಲ, ಅದ್ನ ಮೊದ್ಲು ಹೇಳು" ಅನ್ನುತ್ತೇನೆ. ಅವಳು ಹೇಳಿ ಮುಗಿಸುವವರೆಗೆ ಬಾಟಲಿ ಮುಟ್ಟುವುದಿಲ್ಲ.